ಜಾಗದ ಲೆಕ್ಕ ಎಡಿಟಿಂಗ್‌ನದು, ವೇಗದ ಲೆಕ್ಕ ಗೇಮ್‌ನದು: ಪಿಸಿಗೆ ರ್ಯಾಮ್ ಆರಿಸುವುದು ಹೇಗೆ?

ರ್ಯಾಮ್ ಡಬ್ಬಿಯ ಮೇಲೆ ಅಚ್ಚಾಗಿರುವ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ಡಿಡಿಆರ್5-6000, ಸಿಎಲ್30, 32 ಜಿಬಿ (2×16), 1.35 ವೋಲ್ಟ್. ಇದರಲ್ಲಿ ಎದ್ದು ಕಾಣುವುದು 6000. ಕೊಳ್ಳುವವರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ. ನಾನು ಆ ಸಾಲನ್ನು ನಡುವಿನಿಂದ ಓದುತ್ತೇನೆ. ಮೊದಲು 32 ಜಿಬಿ, ಆಮೇಲೆ ಕಂಸದೊಳಗಿನ 2×16 (16 ಜಿಬಿಯ ಎರಡು ಪಟ್ಟಿಗಳು, ಅಂದರೆ ಸ್ಟಿಕ್ಕುಗಳು), ಅದಾದ ಮೇಲೆ 6000 ಮತ್ತು 30 ಎರಡನ್ನೂ ಒಟ್ಟಿಗೆ. ಒಂದೇ ಪಿಸಿಯಲ್ಲಿ ಗೇಮ್ ಆಡಿ, ಅದರಲ್ಲೇ ವಿಡಿಯೊ ಎಡಿಟಿಂಗ್ ಕೂಡ ಮಾಡುವವರು ಈ ಕ್ರಮವನ್ನು ತಪ್ಪಿಸಿದರೆ ಹಣ ಖರ್ಚಾಗುವುದು ಒಂದು ಕಡೆ, ಕೆಲಸ ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ಕಡೆ.

ಏಕೆಂದರೆ ಈ ಎರಡು ಕೆಲಸಗಳೂ ಮೆಮೊರಿಯ ಬಳಿ ಕೇಳುವುದು ಬೇರೆ ಬೇರೆ. ಗೇಮ್ ನಡೆಯುವಾಗ ಪ್ರೊಸೆಸರ್‌ಗೆ ಬೇಕಾಗುವುದು ಮೆಮೊರಿಯ ಮೂಲೆಮೂಲೆಗಳಲ್ಲಿ ಚದುರಿಕೊಂಡ ಚಿಕ್ಕ ಚಿಕ್ಕ ತುಣುಕುಗಳು: ಈ ಪಾತ್ರ ಎಲ್ಲಿ ನಿಂತಿದೆ, ಆ ಗುಂಡು ಯಾವ ಗೋಡೆಗೆ ತಾಗಿತು, ಆ ಬಾಗಿಲು ತೆರೆದಿದೆಯೇ. ಸೆಕೆಂಡಿಗೆ 144 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 7 ಮಿಲಿಸೆಕೆಂಡ್. ಅಷ್ಟರೊಳಗೆ ಇಂಥ ಎಲ್ಲ ಪ್ರಶ್ನೆಗಳಿಗೂ ಉತ್ತರ ಬಂದಿರಬೇಕು. ತಡವಾದರೆ ಪ್ರೊಸೆಸರ್ ಕೈಕಟ್ಟಿ ಕೂರುತ್ತದೆ, ಪರದೆಯ ಮೇಲೆ ಆಟ ಮುಗ್ಗರಿಸುತ್ತದೆ. ಎಡಿಟಿಂಗ್‌ಗೆ ಇಂಥ ಅವಸರವಿಲ್ಲ. ಅದಕ್ಕೆ ಬೇಕಾದದ್ದು ಹರಡಿಕೊಂಡು ಕೂರಲು ಜಾಗ.

ಎಷ್ಟು ಜಾಗ ಎಂಬುದನ್ನು ಕೈಯಾರೆ ಲೆಕ್ಕ ಹಾಕಿ ನೋಡೋಣ. 4ಕೆ ವಿಡಿಯೊದ ಒಂದು ಫ್ರೇಮ್ ಎಂದರೆ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಬೈಟ್ ಹಿಡಿದರೆ ಒಂದು ಫ್ರೇಮ್ 33 ಎಂಬಿ ಆಯಿತು. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಸೆಕೆಂಡ್ ವಿಡಿಯೊಗೆ ಹತ್ತಿರ ಹತ್ತಿರ 1 ಜಿಬಿ. ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ಫೈಲ್ ಕೆಲವು ನೂರು ಎಂಬಿಯಷ್ಟೇ ಇರುತ್ತದಲ್ಲ ಎನ್ನಬಹುದು. ಅದು ಮಡಿಸಿ ಒತ್ತಿಟ್ಟ ರೂಪ. ಬಣ್ಣ ತಿದ್ದಬೇಕಾದರೆ, ಎಫೆಕ್ಟ್ ಹಾಕಬೇಕಾದರೆ ಮಡಿಕೆಯನ್ನು ಬಿಚ್ಚಿ ಹರಡಲೇಬೇಕು. ಹರಡಿದಾಗ ಪ್ರತಿ ಫ್ರೇಮೂ 33 ಎಂಬಿಯೇ. ಬಣ್ಣದ ಸೂಕ್ಷ್ಮತೆಗಾಗಿ ಈ ನಾಲ್ಕರಲ್ಲಿ ಒಂದೊಂದಕ್ಕೂ 32 ಬಿಟ್ ಕೊಡುವ ಕ್ರಮವನ್ನು ಆರಿಸಿದರೆ ಇದು ನಾಲ್ಕು ಪಟ್ಟಾಗುತ್ತದೆ: ಫ್ರೇಮಿಗೆ 133 ಎಂಬಿ, ಸೆಕೆಂಡಿಗೆ 4 ಜಿಬಿ. ಆಫ್ಟರ್ ಎಫೆಕ್ಟ್ಸ್‌ನಂಥ ತಂತ್ರಾಂಶ ಪ್ರಿವ್ಯೂಗಾಗಿ ಸಿದ್ಧಪಡಿಸಿದ ಫ್ರೇಮುಗಳನ್ನು ರ್ಯಾಮ್‌ನಲ್ಲೇ ಪೇರಿಸಿಡುವುದರಿಂದ, ಪೂರ್ಣ ಗಾತ್ರದಲ್ಲಿ ಹತ್ತು ಸೆಕೆಂಡ್ ನೋಡಲು ಹೊರಟರೆ 40 ಜಿಬಿ ಕೇಳಿದಂತಾಯಿತು. ಪ್ರಿವ್ಯೂವನ್ನು ಅರ್ಧ ಅಳತೆಗೆ ಇಳಿಸಿದರೆ ಪಿಕ್ಸೆಲ್ ಕಾಲು ಭಾಗಕ್ಕೆ ಇಳಿಯುತ್ತದೆ, ಬೇಕಾಗುವ ಜಾಗವೂ ಕಾಲು ಭಾಗವಾಗುತ್ತದೆ. ರ್ಯಾಮ್ ಕಡಿಮೆ ಇರುವವರು ಎಡಿಟಿಂಗ್ ಮಾಡಿಕೊಂಡು ಬಂದಿರುವುದು ಈ ಉಪಾಯದಿಂದಲೇ.

ಆದರೆ ಎಲ್ಲ ಎಡಿಟಿಂಗೂ ಇಷ್ಟು ಹೊಟ್ಟೆಬಾಕವಲ್ಲ. ತುಣುಕುಗಳನ್ನು ಕತ್ತರಿಸಿ ಜೋಡಿಸುವ ಕೆಲಸದಲ್ಲಿ ತಂತ್ರಾಂಶ ಇಡೀ ಟೈಮ್‌ಲೈನನ್ನು ಮೆಮೊರಿಗೆ ತುಂಬಿಕೊಳ್ಳುವುದಿಲ್ಲ. ಬೇಕಾದ ಫ್ರೇಮುಗಳನ್ನು ಆಗಾಗ ಬಿಚ್ಚುತ್ತ ಹೋಗುತ್ತದೆ. ಪ್ರೀಮಿಯರ್ ಪ್ರೊಗೆ ಅಡೋಬ್ ಶಿಫಾರಸು ಮಾಡುವುದು ಎಚ್‌ಡಿ ವಿಡಿಯೊಗೆ 16 ಜಿಬಿ, 4ಕೆ ಮತ್ತು ಅದಕ್ಕಿಂತ ಮೇಲಿನದಕ್ಕೆ 32 ಜಿಬಿ ಅಥವಾ ಹೆಚ್ಚು. ಡಾವಿಂಚಿ ರಿಸಾಲ್ವ್ ಕೂಡ ಫ್ಯೂಷನ್ ಎಫೆಕ್ಟ್‌ಗಳನ್ನು ಬಳಸುವವರಿಗೆ 32 ಜಿಬಿಯನ್ನೇ ಹೇಳುತ್ತದೆ. ಗೇಮ್‌ಗಳಲ್ಲಿ ಇಂದಿಗೂ ಬಹುಪಾಲು 16 ಜಿಬಿಯಲ್ಲಿ ನಡೆಯುತ್ತವೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ರಂತೆ 32 ಜಿಬಿಯನ್ನು ಶಿಫಾರಸು ಮಾಡುವ ಗೇಮ್‌ಗಳೂ ಬಂದಿವೆ.

ಹೀಗಾಗಿ ನನ್ನ ತೀರ್ಮಾನ ಇಷ್ಟು. ಗೇಮ್ ಮತ್ತು ಎಡಿಟಿಂಗ್ ಎರಡೂ ನಡೆಯುವ ಪಿಸಿಗೆ 16 ಜಿಬಿ ಹಾಕುವುದು ಇವತ್ತಿಗೆ ಉಳಿತಾಯವಲ್ಲ. 32 ಜಿಬಿಯಿಂದ ಲೆಕ್ಕ ಆರಂಭಿಸಬೇಕು. 4ಕೆಯಲ್ಲಿ ಬಣ್ಣದ ಕೆಲಸ, ಮೋಷನ್ ಗ್ರಾಫಿಕ್ಸ್, ಎಡಿಟಿಂಗ್ ಜೊತೆಗೆ ಹಿನ್ನೆಲೆಯಲ್ಲಿ ಬ್ರೌಸರ್, ಫೋಟೊಶಾಪ್ ಎಲ್ಲ ತೆರೆದಿಡುವ ಅಭ್ಯಾಸ ಇದ್ದವರು 64 ಜಿಬಿ ಹಾಕಿಸಿ ನೆಮ್ಮದಿಯಾಗಿರಬಹುದು. ಅದಕ್ಕೂ ಮೇಲೆ ಬೇಕಾದವರಿಗೆ ತಮಗೆ ಏಕೆ ಬೇಕೆಂಬುದು ಸಾಮಾನ್ಯವಾಗಿ ಗೊತ್ತೇ ಇರುತ್ತದೆ.

ಈಗಾಗಲೇ ಪಿಸಿ ಇದ್ದವರಿಗೆ ಊಹೆಯ ಅಗತ್ಯವೇ ಇಲ್ಲ. ನಿಮ್ಮ ಅತ್ಯಂತ ಭಾರದ ಪ್ರಾಜೆಕ್ಟನ್ನು ತೆರೆದು ಅರ್ಧ ಗಂಟೆ ಕೆಲಸ ಮಾಡಿ, ಆಮೇಲೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟವನ್ನು ನೋಡಿ. ಅಲ್ಲಿ "ಇನ್ ಯೂಸ್" ಎಂದು ತೋರಿಸುವ ಅಂಕಿಯನ್ನೇ ನಂಬಬೇಡಿ; ಎಡಿಟಿಂಗ್ ತಂತ್ರಾಂಶ ಎಷ್ಟು ಖಾಲಿ ಇದೆಯೋ ಅಷ್ಟನ್ನೂ ಹಿಡಿದುಕೊಳ್ಳುವ ಸ್ವಭಾವದ್ದು. ಪಕ್ಕದಲ್ಲಿರುವ "ಕಮಿಟೆಡ್" ಅಂಕಿಯನ್ನು ಗಮನಿಸಿ. ತೆರೆದಿರುವ ತಂತ್ರಾಂಶಗಳೆಲ್ಲ ಸೇರಿ ಕೇಳಿರುವ ಒಟ್ಟು ಜಾಗ ಅದು. ಅದು ನಿಮ್ಮ ರ್ಯಾಮ್‌ನ ಗಾತ್ರವನ್ನು ಮತ್ತೆ ಮತ್ತೆ ದಾಟುತ್ತಿದ್ದರೆ ಹೆಚ್ಚಾದದ್ದನ್ನು ವಿಂಡೋಸ್ ಎಸ್‌ಎಸ್‌ಡಿಯ ಮೇಲಿನ ಪೇಜ್ ಫೈಲ್‌ಗೆ ಸಾಗಿಸುತ್ತಿರಬಹುದು. ರ್ಯಾಮ್ ಉತ್ತರ ಕೊಡಲು ತೆಗೆದುಕೊಳ್ಳುವುದು ಸುಮಾರು 100 ನ್ಯಾನೊಸೆಕೆಂಡ್. ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿಗೂ ಹತ್ತಾರು ಮೈಕ್ರೊಸೆಕೆಂಡ್ ಬೇಕು, ಅಂದರೆ ನೂರಾರು ಪಟ್ಟು ತಡ. ಕೈಗೆ ಸಿಗಬೇಕಾದ ಸಾಮಾನಿಗೆ ಪ್ರತಿ ಸಲ ಏಣಿ ಹಾಕಿ ಅಟ್ಟ ಹತ್ತಿದಂತೆ. ಹೀಗೆ ಅಟ್ಟ ಹತ್ತಿ ಇಳಿಯುತ್ತಿರುವ ಪಿಸಿಗೆ ಎಷ್ಟೇ ವೇಗದ ರ್ಯಾಮ್ ಹಾಕಿದರೂ ಪ್ರಯೋಜನವಿಲ್ಲ. ಜಾಗದ ಲೆಕ್ಕ ಮೊದಲು ಎನ್ನುವುದು ಇದಕ್ಕೇ.

ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಮೆಮೊರಿ ಬೇರೆ, ಇದು ಬೇರೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕಾರ್ಡಿನಲ್ಲಿ 8 ಜಿಬಿ ಸಾಲದೆ ಗೇಮ್ ತಡವರಿಸುತ್ತಿದ್ದರೆ ಪಿಸಿಗೆ 64 ಜಿಬಿ ತುಂಬಿದರೂ ಆ ಕೊರತೆ ನೀಗುವುದಿಲ್ಲ.

ಈಗ ಕಂಸದೊಳಗಿನ ಲೆಕ್ಕಕ್ಕೆ ಬರೋಣ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ನಿಂದ ಮೆಮೊರಿಗೆ ಎರಡು ದಾರಿಗಳಿರುತ್ತವೆ, ಚಾನೆಲ್ ಎನ್ನುತ್ತಾರೆ. ಒಂದೊಂದು ಚಾನೆಲ್ 64 ಬಿಟ್, ಅಂದರೆ ಒಂದು ಸಲಕ್ಕೆ ಎಂಟು ಬೈಟ್. ಡಿಡಿಆರ್5-6000 ಸೆಕೆಂಡಿಗೆ 600 ಕೋಟಿ ಸಲ ದತ್ತಾಂಶ ಸಾಗಿಸುವುದರಿಂದ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 48 ಜಿಬಿ, ಎರಡರಲ್ಲಿ 96 ಜಿಬಿ. ಒಂದೇ 32 ಜಿಬಿ ಸ್ಟಿಕ್ ಹಾಕಿದರೆ ಎರಡನೆಯ ದಾರಿ ಪಾಳು ಬಿದ್ದಂತೆ. "ಈಗ ಒಂದು, ಮುಂದೆ ಇನ್ನೊಂದು" ಎಂಬ ಯೋಜನೆಯಲ್ಲಿ ಆ ಮುಂದಿನ ದಿನ ಬರುವವರೆಗೂ ಅರ್ಧ ದಾರಿಯಲ್ಲೇ ಓಡಾಟ. ಡಿಡಿಆರ್5ರಲ್ಲಿ ಒಂದೇ ಸ್ಟಿಕ್ಕಿನೊಳಗೆ 32 ಬಿಟ್‌ನ ಎರಡು ಉಪಚಾನೆಲ್‌ಗಳಿವೆ ಎಂಬುದು ನಿಜ; ಕೆಲವು ತಂತ್ರಾಂಶಗಳು ಎರಡು ಸ್ಟಿಕ್ಕಿಗೆ ನಾಲ್ಕು ಚಾನೆಲ್ ಎಂದು ತೋರಿಸುವುದೂ ಅದಕ್ಕೇ. ಆದರೆ 32 ಬಿಟ್‌ನ ಎರಡು ಸೇರಿದರೂ 64 ಬಿಟ್ ಅಷ್ಟೇ. ಒಂದು ಸ್ಟಿಕ್ ಎರಡಕ್ಕೆ ಸಮನಾಗುವುದಿಲ್ಲ.

ಎರಡು ಸ್ಟಿಕ್ ತಂದ ಮೇಲೆ ಹಾಕುವ ಜಾಗವೂ ಮುಖ್ಯ. ನಾಲ್ಕು ಸ್ಲಾಟ್ ಇರುವ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡಿನ ಮೇಲೆ ಎ2, ಬಿ2 ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಎರಡನ್ನೂ ಅಕ್ಕಪಕ್ಕ ಸಿಕ್ಕಿಸಿದ್ದರಿಂದ ಎರಡೂ ಒಂದೇ ಚಾನೆಲ್‌ಗೆ ಸೇರಿ, ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೆ ನಡೆಯುತ್ತಿದ್ದ ಪಿಸಿಗಳನ್ನು ನಾನು ನೋಡಿದ್ದೇನೆ.

ನಾಲ್ಕೂ ಸ್ಲಾಟ್ ತುಂಬುವ ಆಸೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಾನು ಎಡವಿದ್ದು ಅಲ್ಲೇ. ನನ್ನ ಪಿಸಿಯಲ್ಲಿ 2×16 ಡಿಡಿಆರ್5 ಸೊಗಸಾಗಿ ಓಡುತ್ತಿತ್ತು. ಎಡಿಟಿಂಗ್‌ಗೆ ಜಾಗ ಸಾಲದೆ ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದು ಜೋಡಿ ತಂದು ಸಿಕ್ಕಿಸಿದೆ. ಪರದೆ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಮೂಲೆಯಲ್ಲಿ ಮೆಮೊರಿಯ ಹಳದಿ ದೀಪ ಮಾತ್ರ ಉರಿಯುತ್ತಿತ್ತು. ಎರಡು ನಿಮಿಷ ಕಾದು, ಸ್ವಿಚ್ ಆರಿಸಿ, ಸ್ಟಿಕ್ಕುಗಳನ್ನು ಕಿತ್ತು ಮತ್ತೆ ಒತ್ತಿ ಹಾಕಿದೆ. ಹೀಗೆ ಮೂರು ಸಲ. ಹೊಸ ಮೆಮೊರಿ ಕಂಡಾಗ ಬೋರ್ಡ್ ಅದರ ಪ್ರತಿಯೊಂದು ತಂತಿಯ ಸಮಯವನ್ನೂ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಮೆಮೊರಿ ಟ್ರೈನಿಂಗ್ ಎಂದು ಹೆಸರು, ಡಿಡಿಆರ್5ರಲ್ಲಿ ಅದು ಹಲವು ನಿಮಿಷ ಹಿಡಿಯಬಹುದು, ನಡುವೆ ವಿದ್ಯುತ್ ತೆಗೆದರೆ ಮತ್ತೆ ಮೊದಲಿನಿಂದ ಶುರು: ಇದೆಲ್ಲ ಗೊತ್ತಾದದ್ದು ಆಮೇಲೆ. ನಾಲ್ಕನೆಯ ಸಲ ಸುಮ್ಮನೆ ಬಿಟ್ಟು ಎದ್ದು ಹೋದೆ; ಬಂದು ನೋಡಿದರೆ ಪಿಸಿ ಎದ್ದಿತ್ತು. ಆದರೆ ಡಬ್ಬಿಯಲ್ಲಿ ಬರೆದಿದ್ದ ವೇಗದ ಹತ್ತಿರಕ್ಕೂ ಅದು ಬರಲಿಲ್ಲ. ಆ ವೇಗಕ್ಕೆ ಏರಿಸಿದರೆ ಮತ್ತೆ ಕಪ್ಪು ಪರದೆ.

ಅದು ಯಾರ ಮೋಸವೂ ಅಲ್ಲ, ವಿವರದ ಪುಟವನ್ನು ಓದದಿದ್ದ ನನ್ನ ತಪ್ಪು. ಒಂದು ಚಾನೆಲ್‌ನ ತಂತಿಗಳ ಮೇಲೆ ಎರಡು ಸ್ಟಿಕ್ ಕೂತಾಗ ವಿದ್ಯುತ್ ಸಂಕೇತ ಕವಲೊಡೆಯುತ್ತದೆ, ಪ್ರತಿಫಲಿಸುತ್ತದೆ, ಮಸುಕಾಗುತ್ತದೆ. ಡಿಡಿಆರ್5ರ ವೇಗದಲ್ಲಿ ಈ ಮಸುಕನ್ನು ಸಹಿಸುವಷ್ಟು ಅವಕಾಶವಿಲ್ಲ. ಪ್ರೊಸೆಸರ್ ತಯಾರಕರು ಇದನ್ನು ಮುಚ್ಚಿಟ್ಟಿಲ್ಲ. ಉದಾಹರಣೆಗೆ ರೈಜೆನ್ 7000 ಸಾಲಿಗೆ ಎಎಂಡಿ ಕೊಟ್ಟಿರುವ ಅಧಿಕೃತ ಮಿತಿ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ 3600. ಅದಲ್ಲದೆ ಒಂದೇ ಮಾದರಿಯ ಎರಡು ಡಬ್ಬಿಗಳೊಳಗೆ ಬೇರೆ ಬೇರೆ ತಯಾರಕರ ಚಿಪ್ಪುಗಳೂ ಇರಬಹುದು. ಜೊತೆಯಾಗಿ ಪರೀಕ್ಷಿಸಿ ಮಾರಿದ ಜೋಡಿಗಷ್ಟೇ ಕಂಪನಿಯ ಹೊಣೆ. ಆದ್ದರಿಂದ 64 ಜಿಬಿ ಬೇಕೆನಿಸಿದರೆ ಮೊದಲೇ 2×32 ಕೊಳ್ಳಿ, 4×16 ಬೇಡ. 32 ಸಾಲದು, 64 ಹೆಚ್ಚಾಯಿತು ಎನ್ನುವವರಿಗೆ ಡಿಡಿಆರ್5ರಲ್ಲಿ 24 ಜಿಬಿಯ ಸ್ಟಿಕ್ಕುಗಳೂ ಇವೆ. 2×24 ಸೇರಿ 48 ಜಿಬಿ ಆಗುತ್ತದೆ. ಗೇಮ್ ಹೆಚ್ಚು, ಎಡಿಟಿಂಗ್ ಸಾಧಾರಣ ಎನ್ನುವವರಿಗೆ ನನಗೆ ಇಷ್ಟವಾದ ಆಯ್ಕೆ ಇದು. 8 ಜಿಬಿಯ ಡಿಡಿಆರ್5 ಸ್ಟಿಕ್ಕುಗಳಿಂದ ಮಾತ್ರ ದೂರವಿರಿ. ಅವುಗಳಲ್ಲಿ ಇರುವುದು ಸಾಮಾನ್ಯವಾಗಿ ನಾಲ್ಕೇ ಚಿಪ್ಪು, ಒಳಗಿನ ಬ್ಯಾಂಕ್ ಗುಂಪುಗಳೂ (ದತ್ತಾಂಶ ಇಡುವ ವಿಭಾಗಗಳು) ಅರ್ಧ, ಹಾಗಾಗಿ ಅದೇ ವೇಗದ 16 ಜಿಬಿ ಸ್ಟಿಕ್ಕಿಗಿಂತ ನಿಧಾನ.

ಡಿಡಿಆರ್4ಓ ಡಿಡಿಆರ್5ಓ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲಿಲ್ಲ, ಬೋರ್ಡಿನಲ್ಲಿದೆ. ಎರಡಕ್ಕೂ 288 ಪಿನ್ನುಗಳೇ, ಆದರೆ ಕಚ್ಚಿನ ಜಾಗ ಬೇರೆ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಎಎಂಡಿಯ ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5ಕ್ಕೆ ಡಿಡಿಆರ್5 ಮಾತ್ರ. ಇಂಟೆಲ್‌ನ 12ರಿಂದ 14ನೇ ಪೀಳಿಗೆಯವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎರಡನ್ನೂ ಒಪ್ಪುತ್ತವೆ, ಆಗ ಬೋರ್ಡ್ ಯಾವುದಕ್ಕೆ ತಯಾರಾಗಿದೆ ಎಂದು ನೋಡಬೇಕು.

ಇನ್ನು ವೇಗ. ಡಬ್ಬಿಯ ಮೇಲಿನ 6000 ಮೆಗಾಹರ್ಟ್ಸ್ ಎಂದು ಎಲ್ಲರೂ ಹೇಳುತ್ತಾರೆ, ಅದು ಸರಿಯಲ್ಲ. ಗಡಿಯಾರದ ನಿಜವಾದ ಬಡಿತ 3000 ಮೆಗಾಹರ್ಟ್ಸ್. ಪ್ರತಿ ಬಡಿತದ ಏರಿನಲ್ಲೊಮ್ಮೆ, ಇಳಿವಿನಲ್ಲೊಮ್ಮೆ ದತ್ತಾಂಶ ಸಾಗುವುದರಿಂದ ವರ್ಗಾವಣೆಯ ಲೆಕ್ಕ 6000 ಆಗುತ್ತದೆ. ಡಿಡಿಆರ್ (ಡಬಲ್ ಡೇಟಾ ರೇಟ್) ಎಂಬ ಹೆಸರಿನ ಮೊದಲ ಎರಡು ಅಕ್ಷರ ಹೇಳುವುದು ಈ ದ್ವಿಗುಣದ ಕತೆಯನ್ನೇ. ಸಿಎಲ್30 ಎಂದರೆ ಕೇಳಿದ ಮಾಹಿತಿ ಹೊರಬರಲು 30 ಬಡಿತ ಕಾಯಬೇಕು ಎಂದು. ಬಡಿತದ ಉದ್ದವೇ ವೇಗದೊಂದಿಗೆ ಬದಲಾಗುವುದರಿಂದ ಸಿಎಲ್ ಅಂಕಿಯನ್ನು ಒಂಟಿಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಅದನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಈ ಒಂದು ಹಂತದಲ್ಲಿ ಕಾಯುವ ಸಮಯ ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ (ಹಿಂದೆ ಹೇಳಿದ 100 ಇಡೀ ದಾರಿಯ ಲೆಕ್ಕ). ಡಿಡಿಆರ್5-6000 ಸಿಎಲ್30ಕ್ಕೆ 10. ಹಳೆಯ ಡಿಡಿಆರ್4-3200 ಸಿಎಲ್16ಕ್ಕೂ ಅದೇ 10. ಡಿಡಿಆರ್5-6000 ಸಿಎಲ್40ಕ್ಕೆ 13.3. ಡಿಡಿಆರ್5-4800 ಸಿಎಲ್40ಕ್ಕೆ 16.7. ಅಂದರೆ "ಹೊಸ ಪೀಳಿಗೆ" ಎಂಬ ಒಂದೇ ಮಾತಿಗೆ ಮರುಳಾಗಿ ಕೊನೆಯದನ್ನು ಕೊಂಡವರು ಕಾಯುವ ವಿಷಯದಲ್ಲಿ ಹಿಂದಕ್ಕೆ ಹೋದಂತೆಯೇ.

ಪೀಳಿಗೆ ಬದಲಾದರೂ ಈ 10 ನ್ಯಾನೊಸೆಕೆಂಡ್ ಹೆಚ್ಚು ಕದಲದಿರುವುದಕ್ಕೆ ಮೂಲದಲ್ಲೇ ಕಾರಣವಿದೆ. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ರ್ಯಾಮ್‌ನ ಬುನಾದಿ: ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರ್‌ನಲ್ಲಿ ಇರುವ ಎಳೆಯಷ್ಟು ವಿದ್ಯುದಂಶವನ್ನು ಹೊರತೆಗೆದು, ಹಿಗ್ಗಿಸಿ, ಸೊನ್ನೆಯೋ ಒಂದೋ ಎಂದು ಗುರುತಿಸಲು ಬೇಕಾಗುವ ಸಮಯ ಭೌತಿಕವಾದದ್ದು. ಅಕ್ಕಪಕ್ಕ ಹೆಚ್ಚು ಸಾಲುಗಳನ್ನು ಒಟ್ಟಿಗೆ ತೆರೆದು ಸಾಗಿಸುವ ಪ್ರಮಾಣವನ್ನು ಹೆಚ್ಚಿಸಬಹುದು, ಮೊದಲ ಉತ್ತರ ಬರುವ ಹೊತ್ತನ್ನು ಅಷ್ಟು ಸುಲಭವಾಗಿ ಇಳಿಸಲಾಗದು.

ಗೇಮ್ ಆಡುವವರು ಹಾಗಾದರೆ ಏನು ಹುಡುಕಬೇಕು? ಎಎಂ5 ಬೋರ್ಡಿಗೆ 6000, ಸಿಎಲ್30ರ ಆಸುಪಾಸು. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ರ್ಯಾಮ್‌ನ ಗಡಿಯಾರದೊಂದಿಗೆ ಹೆಜ್ಜೆ ಹಾಕುವುದು ಸುಮಾರು ಇಲ್ಲಿಯವರೆಗೆ. ಇನ್ನೂ ಮೇಲೆ ಹೋದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯುತ್ತದೆ, ದೊಡ್ಡ ಅಂಕಿ ಕೊಂಡ ಲಾಭ ಅಲ್ಲೇ ಕರಗುತ್ತದೆ. ಇಂಟೆಲ್ ಪ್ರೊಸೆಸರ್‌ಗಳು ಇದಕ್ಕಿಂತ ಮೇಲಕ್ಕೂ ಹೋಗಬಲ್ಲವು. ಡಿಡಿಆರ್4 ಬೋರ್ಡಿನವರಿಗೆ 3200 ಸಿಎಲ್16 ಅಥವಾ 3600 ಸಿಎಲ್18, ಎರಡಕ್ಕೂ ಕಾಯುವ ಹೊತ್ತು ಒಂದೇ.

ಇದರಿಂದ ಕಣ್ಣಿಗೆ ಕಾಣುವ ವ್ಯತ್ಯಾಸ ಎಷ್ಟು ಎಂಬುದು ನೀವು ಹೇಗೆ ಆಡುತ್ತೀರಿ ಎನ್ನುವುದರ ಮೇಲಿದೆ. 4ಕೆ ಪರದೆಯಲ್ಲಿ ಎಲ್ಲ ಸೆಟ್ಟಿಂಗ್ ಏರಿಸಿ ಆಡುವಾಗ ಗ್ರಾಫಿಕ್ಸ್ ಕಾರ್ಡೇ ಏದುಸಿರು ಬಿಡುತ್ತಿರುತ್ತದೆ. ರ್ಯಾಮ್ ಬದಲಿಸಿದರೆ ಗೊತ್ತೂ ಆಗುವುದಿಲ್ಲ. 1080ಪಿಯಲ್ಲಿ ಸ್ಪರ್ಧೆಯ ಗೇಮ್‌ಗಳನ್ನು ಅತಿ ಹೆಚ್ಚು ಫ್ರೇಮ್‌ನಲ್ಲಿ ಆಡುವವರಿಗೆ ಮಾತ್ರ, ಸರಾಸರಿಗಿಂತ ಹೆಚ್ಚಾಗಿ ನಡುನಡುವೆ ಬೀಳುವ ಕುಸಿತಗಳಲ್ಲಿ ಸುಧಾರಣೆ ಕಾಣುತ್ತದೆ. ರೈಜೆನ್ 7 7800ಎಕ್ಸ್3ಡಿ ತರಹದ, 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನದೇ ಚಿಕ್ಕ ಮೆಮೊರಿ) ಇರುವ ಪ್ರೊಸೆಸರ್ ಇದ್ದರೆ ಬಹಳಷ್ಟು ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಕ್ಕಿ ರ್ಯಾಮ್‌ವರೆಗೆ ಹೋಗುವ ಪ್ರಸಂಗವೇ ಕಡಿಮೆ. ಎಡಿಟಿಂಗ್‌ನಲ್ಲಿ ವೇಗದ ರ್ಯಾಮ್ ಎಕ್ಸ್‌ಪೋರ್ಟ್‌ನ ಸಮಯವನ್ನು ಒಂದಿಷ್ಟು ಉಳಿಸೀತು, ಅಷ್ಟೇ. ಆ ಕೆಲಸದ ಭಾರ ಹೊರುವುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್.

ಇಷ್ಟೆಲ್ಲ ಲೆಕ್ಕ ಹಾಕಿ ತಂದ ರ್ಯಾಮ್ ಮೊದಲ ದಿನ ಓಡುವುದು 6000ದಲ್ಲಲ್ಲ. ಪಿಸಿ ಅದನ್ನು ಎಲ್ಲರೂ ಒಪ್ಪಿದ ಸುರಕ್ಷಿತ ವೇಗದಲ್ಲಿ, ಎಂದರೆ 4800 ಅಥವಾ 5600ರಂಥ ಮಟ್ಟದಲ್ಲಿ ಎಬ್ಬಿಸುತ್ತದೆ. ಡಬ್ಬಿಯ ಮೇಲಿನ ವೇಗ ಬೇಕಾದರೆ ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ನೀವೇ ಒಂದು ಪ್ರೊಫೈಲನ್ನು ಚಾಲೂ ಮಾಡಬೇಕು. ಇಂಟೆಲ್ ಕಡೆ ಅದರ ಹೆಸರು ಎಕ್ಸ್‌ಎಂಪಿ, ಎಎಂಡಿಯವರು 2022ರಲ್ಲಿ ತಂದದ್ದು ಎಕ್ಸ್‌ಪೋ. ಗೆಳೆಯನೊಬ್ಬ ತನ್ನ ಪಿಸಿ ನಿಧಾನವೆಂದು ಒಂದು ವರ್ಷ ಗೊಣಗಿದ ಮೇಲೆ ನೋಡಿದರೆ 6000ದ ರ್ಯಾಮ್ 4800ರಲ್ಲೇ ತೆವಳುತ್ತಿತ್ತು. ಒಂದು ಕ್ಲಿಕ್, ಒಂದು ರೀಸ್ಟಾರ್ಟ್. ವೇಗ ಈಗ ಎಷ್ಟಿದೆ, ಎಷ್ಟು ಸ್ಲಾಟ್ ತುಂಬಿದೆ ಎರಡನ್ನೂ ಟಾಸ್ಕ್ ಮ್ಯಾನೇಜರ್‌ನ ಅದೇ ಮೆಮೊರಿ ಪುಟ ತೋರಿಸುತ್ತದೆ.

ಡಬ್ಬಿಯ ಕೊನೆಯಲ್ಲಿದ್ದ 1.35 ವೋಲ್ಟ್‌ನ ಅರ್ಥ ಈಗ ತಿಳಿಯುತ್ತದೆ. ಡಿಡಿಆರ್5ರ ನಿಗದಿತ ವೋಲ್ಟೇಜ್ 1.1 ಮಾತ್ರ. ಹೆಚ್ಚಿನ ವೇಗಕ್ಕಾಗಿ ಕಂಪನಿ ಅದನ್ನು ಏರಿಸಿರುತ್ತದೆ, ಅಂದರೆ ಪ್ರೊಫೈಲ್ ಎಂಬುದು ಒಂದು ಬಗೆಯ ಓವರ್‌ಕ್ಲಾಕಿಂಗೇ, ನಿಗದಿತ ವೇಗ ಮೀರಿ ಓಡಿಸುವುದೇ. ಹೆಚ್ಚಿನ ಪಿಸಿಗಳಲ್ಲಿ ಸಲೀಸಾಗಿ ನಡೆಯುತ್ತದೆ, ಎಲ್ಲದರಲ್ಲೂ ಅಲ್ಲ. ಬೋರ್ಡ್ ತಯಾರಕರ ತಾಣದಲ್ಲಿ ಪರೀಕ್ಷಿಸಿದ ರ್ಯಾಮ್‌ಗಳ ಪಟ್ಟಿ ಇರುತ್ತದೆ. ಕೊಳ್ಳುವ ಮೊದಲು ಮಾದರಿಯ ಸಂಖ್ಯೆಯನ್ನು ಅಲ್ಲಿ ಹುಡುಕಿ. ಹಾಗೆಯೇ ದೊಡ್ಡ ಏರ್ ಕೂಲರ್ ಇದ್ದರೆ ರ್ಯಾಮ್‌ನ ಎತ್ತರವನ್ನೂ ಅಳೆದುಕೊಳ್ಳಿ. ಮಿನುಗುವ ದೀಪದ ಕಿರೀಟ ಇರುವವು ಫ್ಯಾನಿಗೆ ತಾಗುತ್ತವೆ.

ಪ್ರೊಫೈಲ್ ಚಾಲೂ ಮಾಡಿದ ರಾತ್ರಿ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಹಾಕಿ ಮಲಗಿ. ಗೇಮ್‌ನಲ್ಲಿ ಒಂದು ಬಿಟ್ ತಪ್ಪಿದರೆ ಹೆಚ್ಚೆಂದರೆ ಆಟ ನಿಂತು ಹೋಗುತ್ತದೆ, ಮತ್ತೆ ತೆರೆಯಬಹುದು. ಎಡಿಟಿಂಗ್‌ನಲ್ಲಿ ಹಾಗಲ್ಲ, ತಪ್ಪಿದ ಬಿಟ್ ಪ್ರಾಜೆಕ್ಟ್ ಫೈಲಿಗೋ ಎಕ್ಸ್‌ಪೋರ್ಟ್ ಆದ ವಿಡಿಯೊಗೋ ಸದ್ದಿಲ್ಲದೆ ಸೇರಿ, ವಾರಗಳ ಮೇಲೆ ಒಂದು ಹಸಿರು ಪಟ್ಟಿಯಾಗಿ ಕಾಣಿಸಿಕೊಳ್ಳಬಹುದು. ಡಿಡಿಆರ್5ರ ಚಿಪ್ಪಿನೊಳಗೇ ದೋಷ ತಿದ್ದುವ ವ್ಯವಸ್ಥೆ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ. ಅದು ಚಿಪ್ಪಿನ ಒಳಗಿನದನ್ನಷ್ಟೇ ನೋಡಿಕೊಳ್ಳುತ್ತದೆ, ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಕೆಟ್ಟದ್ದನ್ನು ಹಿಡಿಯಲಾರದು. ಬೆಳಿಗ್ಗೆ ಎದ್ದಾಗ ದೋಷದ ಸಂಖ್ಯೆ ಸೊನ್ನೆ ಇರಬೇಕು, ಒಂದು ಇದ್ದರೂ ಅದು ಕೆಟ್ಟದ್ದೇ. ಮೊದಲು ವೇಗವನ್ನು ಒಂದು ಮೆಟ್ಟಿಲು ಇಳಿಸಿ ಮತ್ತೆ ಪರೀಕ್ಷಿಸಿ. ಪ್ರೊಫೈಲ್ ಇಲ್ಲದ ಮೂಲ ವೇಗದಲ್ಲೂ ದೋಷ ಬಂದರೆ ವಾರಂಟಿಯಲ್ಲಿ ಮರಳಿಸಿ. ಕೆಟ್ಟಿರುವುದು ಒಂದೇ ಸ್ಟಿಕ್ ಎಂದು ಗೊತ್ತಿದ್ದರೂ ಜೋಡಿಯನ್ನು ಬೇರ್ಪಡಿಸದೆ ಎರಡನ್ನೂ ಒಟ್ಟಿಗೆ ಕಳುಹಿಸಿ.